ಕಾಣದ ಮಗು, ಕೇಳದ ಮಗು: ಕಲಿಕೆಯ ಮಟ್ಟ ಯಾವುದು?

ಕೆಲವು ವರ್ಷಗಳ ಹಿಂದೆ ಕಿವಿ ಸೋರುತ್ತದೆ ಎಂದು ತಾಯಿಯೊಬ್ಬರು ಹತ್ತು ವರ್ಷದ ಮಗಳನ್ನು ನನ್ನ ಬಳಿಗೆ ಕರೆತಂದಿದ್ದರು. ಹುಡುಗಿಗೆ ಹುಟ್ಟಿನಿಂದಲೂ ಎರಡೂ ಕಿವಿ ಕೇಳಿಸುವುದಿಲ್ಲ. ಊರಿನ ಸರ್ಕಾರಿ ಶಾಲೆಯಲ್ಲಿ ಐದನೆಯ ತರಗತಿ. ಪರೀಕ್ಷೆ ಮುಗಿಸಿ ಔಷಧಿ ಬರೆದುಕೊಟ್ಟ ಮೇಲೆ ತಾಯಿ ಚೀಲದಿಂದ ನೋಟ್ ಪುಸ್ತಕ ತೆಗೆದರು. "ನೋಡಿ ಡಾಕ್ಟ್ರೇ, ಕಿವಿ ಕೇಳದಿದ್ದರೂ ಓದಿನಲ್ಲಿ ಚುರುಕು. ಎಲ್ಲಾದರಲ್ಲೂ ಎ ಗ್ರೇಡ್ ಬಂದಿದೆ" ಎಂದರು. ನಿಜಕ್ಕೂ ಮುತ್ತು ಪೋಣಿಸಿದಂತಹ ಅಕ್ಷರ. ಒಂದು ಕಾಟು ಇಲ್ಲ, ಚಿತ್ತು ಇಲ್ಲ.

ನಾನು ಒಂದು ಚೀಟಿಯ ಮೇಲೆ 'ನಿನ್ನ ಹೆಸರೇನು?' ಎಂದು ಬರೆದು ಹುಡುಗಿಯ ಕೈಗೆ ಪೆನ್ನು ಕೊಟ್ಟೆ. ಅವಳು ನಗುತ್ತಾ ಚೀಟಿಯನ್ನು ಹತ್ತಿರ ಎಳೆದುಕೊಂಡು, ನನ್ನ ಬರಹದ ಕೆಳಗೆ ದುಂಡಗೆ ಬರೆದಳು: 'ನಿನ್ನ ಹೆಸರೇನು?'

ಐದು ವರ್ಷ ಶಾಲೆಗೆ ಹೋದ ಮಗು ಕಲಿತದ್ದು ಕಪ್ಪು ಹಲಗೆಯ ಮೇಲಿನ ಗೆರೆಗಳನ್ನು ನೋಡಿ ಹಾಗೆಯೇ ಇಳಿಸುವುದನ್ನು. ಆ ಗೆರೆಗಳಿಗೆ ಅರ್ಥವಿದೆ, ಅವು ತನ್ನನ್ನು ಏನನ್ನೋ ಕೇಳುತ್ತಿವೆ ಎಂಬುದು ಅವಳಿಗೆ ತಿಳಿದಿರಲಿಲ್ಲ. ಇದರಲ್ಲಿ ಯಾರ ಕೆಟ್ಟ ಉದ್ದೇಶವೂ ಇರಲಿಲ್ಲ. "ಪಾಪ, ಕಿವಿ ಕೇಳದ ಮಗು" ಎಂದು ಶಿಕ್ಷಕರು ಅಂಕ ಕೊಟ್ಟಿದ್ದರು. ಗ್ರೇಡ್ ನೋಡಿ ತಾಯಿ ನಂಬಿದ್ದರು. ಕಳೆದುಹೋದದ್ದು ಮಗುವಿನ ಐದು ವರ್ಷ.

ಕಣ್ಣು ಕಾಣದ, ಕಿವಿ ಕೇಳದ ಮಕ್ಕಳು ಸಾಮಾನ್ಯ ಶಾಲೆಗೆ ಸೇರುವುದು ಈಗ ಅಪರೂಪವಲ್ಲ. ಆದರೆ ಸೇರಿದ ಮೇಲೆ ಅವರು ಎಷ್ಟು ಕಲಿಯಬೇಕು? ಇತರ ಮಕ್ಕಳಷ್ಟೇ ಕಲಿಯಬೇಕೆ, ಸ್ವಲ್ಪ ಕಡಿಮೆ ಸಾಕೆ? ಇದು ಶಿಕ್ಷಣ ಇಲಾಖೆಯ ವಿಷಯ, ಆರೋಗ್ಯ ಅಂಕಣದಲ್ಲಿ ಏಕೆ ಎಂದು ಕೆಲವರು ಕೇಳಬಹುದು. ಉತ್ತರದ ಅರ್ಧ ಭಾಗ ಕಣ್ಣು, ಕಿವಿ, ಮಿದುಳಿನ ಬೆಳವಣಿಗೆಯಲ್ಲಿದೆ. ಆದ್ದರಿಂದ ವೈದ್ಯರೂ ಇದನ್ನು ಮಾತನಾಡಬೇಕು.

ಕಲಿಕೆಯ ಮಟ್ಟ ಎಂದರೇನು?

ಯಾವ ತರಗತಿ ಮುಗಿಸುವಾಗ ಮಗುವಿಗೆ ಏನು ಬರಬೇಕು ಎಂದು ಮೊದಲೇ ಗುರುತಿಸಿಡುವುದೇ ಕಲಿಕೆಯ ಮಟ್ಟ. ನಮ್ಮ ಶಾಲೆಗಳಲ್ಲಿ ಇದನ್ನು 'ಕಲಿಕಾ ಫಲ' ಎನ್ನುತ್ತಾರೆ. ಎನ್‌ಸಿಇಆರ್‌ಟಿ 2017ರಲ್ಲಿ ಒಂದರಿಂದ ಎಂಟನೆಯ ತರಗತಿಯವರೆಗಿನ ಕಲಿಕಾ ಫಲಗಳ ಪಟ್ಟಿಯನ್ನು ಪ್ರಕಟಿಸಿತು. 2021ರ ಜುಲೈನಲ್ಲಿ ಆರಂಭವಾದ 'ನಿಪುಣ್ ಭಾರತ್' ಕಾರ್ಯಕ್ರಮ ಇನ್ನೂ ಸ್ಪಷ್ಟವಾದ ಗುರಿ ಇಟ್ಟಿತು. ಮೂರನೆಯ ತರಗತಿ ಮುಗಿಸುವ ಮಗು ನಿಮಿಷಕ್ಕೆ ಕನಿಷ್ಠ 60 ಪದಗಳನ್ನು ಅರ್ಥ ತಿಳಿದು ಓದಬೇಕು, 9999ರವರೆಗಿನ ಸಂಖ್ಯೆಗಳನ್ನು ಓದಿ ಬರೆಯಬೇಕು, ಸರಳ ಗುಣಾಕಾರದ ಲೆಕ್ಕ ಬಿಡಿಸಬೇಕು.

ಕಾಣುವ, ಕೇಳುವ ಮಗುವಿಗೆ ಇದು ಸರಿ. ಆದರೆ ಬೆರಳಿನಿಂದ ಓದುವ ಮಗುವಿಗೆ ನಿಮಿಷಕ್ಕೆ 60 ಪದ ಎಂಬ ಅಳತೆ ಹೇಗೆ ಹೊಂದುತ್ತದೆ? ಮಾತೇ ಕೇಳದ ಮಗು ಗಟ್ಟಿಯಾಗಿ ಓದಿ ತೋರಿಸುವುದು ಹೇಗೆ? ಇಲ್ಲಿ ಶಾಲೆಗಳು ಸಾಮಾನ್ಯವಾಗಿ ಎರಡು ತಪ್ಪು ಮಾಡುತ್ತವೆ. ಒಂದು, ಅಳತೆಯನ್ನು ಹಾಗೆಯೇ ಹಿಡಿದು ಮಗು 'ಫೇಲ್' ಎನ್ನುವುದು. ಎರಡು, ಈ ಮಗುವಿಗೆ ಅಳತೆಯೇ ಬೇಡ ಎಂದು ಬಿಟ್ಟುಬಿಡುವುದು. ಎರಡನೆಯದು ದಯೆಯಂತೆ ಕಾಣುವುದರಿಂದ ಹೆಚ್ಚು ಅಪಾಯಕಾರಿ.

ಸರಿಯಾದ ದಾರಿ ತಿಳಿಯಬೇಕಾದರೆ ಮೊದಲು ಈ ಎರಡು ದೋಷಗಳು ಕಲಿಕೆಯನ್ನು ಎಲ್ಲಿ ತಡೆಯುತ್ತವೆ ಎಂಬುದನ್ನು ನೋಡೋಣ. ಎರಡರ ತಡೆಯೂ ಒಂದೇ ಬಗೆಯದಲ್ಲ.

ಕಿವಿ ಕೇಳದ ಮಗು: ಕೊರತೆ ಭಾಷೆಯದು

ಹುಟ್ಟಿದ ಸಾವಿರ ಮಕ್ಕಳಲ್ಲಿ ಒಂದರಿಂದ ಮೂರು ಮಕ್ಕಳಿಗೆ ಗಮನಾರ್ಹ ಶ್ರವಣದೋಷ ಇರುತ್ತದೆ. ಇಂತಹ ಮಕ್ಕಳನ್ನು ಹಿಂದೆ 'ಕಿವುಡು ಮೂಗರು' ಎನ್ನುತ್ತಿದ್ದರು. ಇದು ತಪ್ಪು. ಅವರಲ್ಲಿ ಬಹುತೇಕರ ನಾಲಿಗೆ, ಗಂಟಲು, ಧ್ವನಿಪೆಟ್ಟಿಗೆ ಎಲ್ಲವೂ ಸರಿಯಾಗಿರುತ್ತವೆ. ಮಾತು ಕಿವಿಗೆ ಬೀಳದ ಕಾರಣ ಮಾತು ಬಂದಿರುವುದಿಲ್ಲ, ಅಷ್ಟೆ. ಬುದ್ಧಿಯ ಕೊರತೆಯೂ ಇದಲ್ಲ.

ಕೇಳುವ ಮಗು ಶಾಲೆಗೆ ಬರುವ ಹೊತ್ತಿಗೆ ಸಾವಿರಾರು ಪದಗಳನ್ನು ಕಲಿತಿರುತ್ತದೆ. ಯಾರೂ ಪಾಠ ಮಾಡಿರುವುದಿಲ್ಲ. ತಾಯಿ ಅಜ್ಜಿಯೊಡನೆ ಮಾತನಾಡಿದ್ದು, ಅಪ್ಪ ಫೋನಿನಲ್ಲಿ ಜಗಳವಾಡಿದ್ದು, ಬೀದಿಯಲ್ಲಿ ತರಕಾರಿಯವನು ಕೂಗಿದ್ದು ಎಲ್ಲವೂ ಕಿವಿಯ ಮೂಲಕ ಒಳಗೆ ಹೋಗಿರುತ್ತದೆ. ಶಾಲೆ ಮಾಡಬೇಕಾದದ್ದು ಆ ಮಾತಿಗೆ ಅಕ್ಷರವನ್ನು ಜೋಡಿಸುವುದು ಮಾತ್ರ. ಕೇಳದ ಮಗುವಿನಲ್ಲಿ ಅಕ್ಷರ ಜೋಡಿಸಲು ಒಳಗೆ ಮಾತೇ ಇರುವುದಿಲ್ಲ.

ಕನ್ನಡದಲ್ಲಿ ಇನ್ನೂ ಒಂದು ತೊಡಕಿದೆ. 'ರಾಜು ಗೀತಾಳಿಗೆ ಹಣ್ಣು ಕೊಟ್ಟನು', 'ರಾಜುವಿಗೆ ಗೀತಾ ಹಣ್ಣು ಕೊಟ್ಟಳು' ಎಂಬ ಎರಡು ವಾಕ್ಯಗಳನ್ನು ನೋಡಿ. ಕೊಟ್ಟವರು ಯಾರು, ಪಡೆದವರು ಯಾರು ಎಂಬುದೆಲ್ಲ ಪದಗಳ ಕೊನೆಯ ಪುಟ್ಟ ಪ್ರತ್ಯಯಗಳಲ್ಲಿದೆ. ಮಾತನಾಡುವಾಗ ನಾವು ಈ ಕೊನೆಗಳನ್ನು ಮೆಲ್ಲಗೆ, ಬೇಗ ಹೇಳಿ ಮುಗಿಸುತ್ತೇವೆ. ಅಲ್ಪಸ್ವಲ್ಪ ಕೇಳುವ ಮಗುವಿಗೂ ಮೊದಲು ತಪ್ಪಿಹೋಗುವುದು ಇವೇ. ಹಾಗಾಗಿ ಆ ಮಗುವಿನ ಬರಹದಲ್ಲಿ 'ರಾಜು ಗೀತಾ ಹಣ್ಣು ಕೊಡು' ಎಂಬಂತಹ ವಾಕ್ಯಗಳು ಬರುತ್ತವೆ.

"ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾಳೆ" ಎಂದು ಅನೇಕ ತಂದೆತಾಯಿಗಳು ಹೇಳುತ್ತಾರೆ. ನೀವೇ ಕನ್ನಡಿಯ ಮುಂದೆ ನಿಂತು ಧ್ವನಿ ಹೊರಡಿಸದೆ 'ಪರ, ಬರ, ಮರ' ಎಂದು ಹೇಳಿ ನೋಡಿ. ಮೂರಕ್ಕೂ ತುಟಿ ಒಂದೇ ರೀತಿ ಮುಚ್ಚಿ ತೆರೆಯುತ್ತದೆ. 'ಕಿರಿ, ಗಿರಿ' ಎನ್ನಿ, ಕ ಮತ್ತು ಗ ಹುಟ್ಟುವುದು ಬಾಯಿಯ ಹಿಂಭಾಗದಲ್ಲಿ, ಹೊರಗೆ ಏನೂ ಕಾಣುವುದಿಲ್ಲ. ತುಟಿ ಓದುವುದು ಸಹಾಯಕ, ಆದರೆ ಅದು ಬಹುಪಾಲು ಊಹೆ. ಭಾಷೆ ಮೊದಲೇ ಗೊತ್ತಿದ್ದವರು ಮಾತ್ರ ಸರಿಯಾಗಿ ಊಹಿಸಬಲ್ಲರು. ಶಿಕ್ಷಕರು ಹಲಗೆಯ ಕಡೆ ತಿರುಗಿ ಮಾತನಾಡಿದರೆ ಆ ಊಹೆಗೂ ಅವಕಾಶವಿಲ್ಲ.

ಏನು ಮಾಡಬೇಕು? ಮೊದಲನೆಯದು, ದೋಷವನ್ನು ಬೇಗ ಪತ್ತೆ ಮಾಡುವುದು. ಒಂದು ತಿಂಗಳೊಳಗೆ ತಪಾಸಣೆ, ಮೂರು ತಿಂಗಳೊಳಗೆ ಖಚಿತ ನಿರ್ಣಯ, ಆರು ತಿಂಗಳೊಳಗೆ ಚಿಕಿತ್ಸೆ ಮತ್ತು ಭಾಷಾ ತರಬೇತಿ ಎಂಬುದು ವೈದ್ಯರು ಒಪ್ಪಿರುವ ಸೂತ್ರ. ಆರು ತಿಂಗಳಿಗೆ ಮೊದಲೇ ದೋಷ ಪತ್ತೆಯಾಗಿ ನೆರವು ಸಿಕ್ಕ ಮಕ್ಕಳ ಭಾಷೆ ತಡವಾಗಿ ಪತ್ತೆಯಾದವರಿಗಿಂತ ಸ್ಪಷ್ಟವಾಗಿ ಉತ್ತಮವಾಗಿರುತ್ತದೆ ಎಂದು ಅಮೆರಿಕದ ಕೊಲರಾಡೊದಲ್ಲಿ ನಡೆದ, 1998ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಕೂಸಿಗೆ ನೋವಾಗದ, ಕೆಲವೇ ನಿಮಿಷಗಳ ಪರೀಕ್ಷೆ ಇದು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪನೆಯಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಈ ಕೆಲಸದಲ್ಲಿ ದೇಶಕ್ಕೇ ಹೆಸರಾಗಿದೆ. ಅಲ್ಲಿ ಕೇಳದ ಮಕ್ಕಳಿಗೆ ಶಾಲಾಪೂರ್ವ ತರಬೇತಿಯೂ ಇದೆ.

ಎರಡನೆಯದು, ಶ್ರವಣಸಾಧನ. ಇದನ್ನು ಕೊಡಿಸಿದರೆ ಕೆಲಸ ಮುಗಿಯಲಿಲ್ಲ. ಮಗು ಬೆಳೆದಂತೆ ಕಿವಿಯ ಅಚ್ಚು ಸಡಿಲವಾಗುತ್ತದೆ, ಹೊಸದನ್ನು ಮಾಡಿಸಬೇಕು. ಬ್ಯಾಟರಿ ಮುಗಿದ ಸಾಧನವನ್ನು ತೊಟ್ಟು ಕುಳಿತ ಮಕ್ಕಳನ್ನು ನಾನು ಎಷ್ಟೋ ಕಂಡಿದ್ದೇನೆ. ಕಾಕ್ಲಿಯರ್ ಇಂಪ್ಲಾಂಟ್ ಶಸ್ತ್ರಚಿಕಿತ್ಸೆ ಚಿಕ್ಕ ವಯಸ್ಸಿನಲ್ಲಿ ಆದಷ್ಟೂ ಫಲ ಹೆಚ್ಚು. ಅದಾದ ಮೇಲೂ ವರ್ಷಗಟ್ಟಲೆ ಕೇಳುವ ತರಬೇತಿ ಬೇಕು.

ಮೂರನೆಯದು, ಸಂಜ್ಞಾ ಭಾಷೆ. ಕೈಸನ್ನೆ ಕಲಿಸಿದರೆ ಮಾತು ಬರುವುದಿಲ್ಲ ಎಂಬ ಹೆದರಿಕೆ ಬಹಳ ಹಳೆಯದು. 1880ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಸೇರಿದ್ದ ಕಿವುಡ ಮಕ್ಕಳ ಶಿಕ್ಷಕರ ಸಮ್ಮೇಳನ ಸಂಜ್ಞೆಯನ್ನು ಶಾಲೆಗಳಿಂದ ದೂರವಿಡಲು ನಿರ್ಣಯಿಸಿತು. ಅದರಿಂದ ಆದ ಹಾನಿಗೆ 2010ರಲ್ಲಿ ವ್ಯಾಂಕೂವರ್‌ನಲ್ಲಿ ಸೇರಿದ ಅಂತಹದೇ ಸಮ್ಮೇಳನ ವಿಷಾದ ಸೂಚಿಸಿತು. ಸಂಜ್ಞೆಯಿಂದ ಮಾತು ಕೆಡುತ್ತದೆ ಎಂಬುದಕ್ಕೆ ಆಧಾರವಿಲ್ಲ. ಭಾರತೀಯ ಸಂಜ್ಞಾ ಭಾಷೆ ಕನ್ನಡವನ್ನು ಕೈಯಲ್ಲಿ ಹೇಳುವ ವಿಧಾನವಲ್ಲ. ಅದಕ್ಕೆ ತನ್ನದೇ ವ್ಯಾಕರಣವಿದೆ. ಹುಬ್ಬು, ಕಣ್ಣು, ತಲೆಯ ಚಲನೆಗಳೂ ಅದರ ಭಾಗ. ದೆಹಲಿಯಲ್ಲಿ 2015ರಲ್ಲಿ ಇದಕ್ಕಾಗಿಯೇ ಕೇಂದ್ರ ಸ್ಥಾಪನೆಯಾಯಿತು. 2018ರಲ್ಲಿ 3000 ಪದಗಳೊಂದಿಗೆ ಹೊರಬಂದ ಅದರ ನಿಘಂಟು 2021ರ ಹೊತ್ತಿಗೆ 10,000 ಪದಗಳಿಗೆ ಬೆಳೆಯಿತು.

ಯಾವ ದಾರಿಯಾದರೂ ಸರಿ, ಐದು ವರ್ಷದೊಳಗೆ ಮಗುವಿಗೆ ಒಂದು ಪೂರ್ಣ ಭಾಷೆ ಸಿಗಬೇಕು. ಅದು ಮಾತಾಗಬಹುದು, ಸಂಜ್ಞೆಯಾಗಬಹುದು, ಎರಡೂ ಆಗಬಹುದು. ಮಿದುಳು ಭಾಷೆಯನ್ನು ಸಲೀಸಾಗಿ ಹೀರುವ ವಯಸ್ಸು ಅದು. ಅದು ಕಳೆದ ಮೇಲೆ ಕಲಿಯಲಾಗದು ಎಂದಲ್ಲ, ಆದರೆ ಬಹಳ ಕಷ್ಟ.

ಕಣ್ಣು ಕಾಣದ ಮಗು: ಕೊರತೆ ಪುಸ್ತಕದ್ದು

ಕಾಣದ ಮಗುವಿನ ಸ್ಥಿತಿ ಬೇರೆ. ಮಾತು ಸಾಮಾನ್ಯವಾಗಿ ಚೆನ್ನಾಗಿ ಬರುತ್ತದೆ. ತೊಂದರೆ ಇರುವುದು ಅನುಭವ ಮತ್ತು ಬರಹದಲ್ಲಿ. ಇತರ ಮಕ್ಕಳು ನೋಡಿಯೇ ತಿಳಿಯುವ ನೂರಾರು ಸಂಗತಿಗಳನ್ನು ಈ ಮಗುವಿಗೆ ಕೈಗೆ ಮುಟ್ಟಿಸಿ ತಿಳಿಸಬೇಕು. 'ತೆಂಗಿನ ಮರ ಎತ್ತರ' ಎಂದು ಬಾಯಿಪಾಠ ಹೇಳುವ ಮಗುವಿಗೆ ಆ ಎತ್ತರ ಎಷ್ಟೆಂಬ ಕಲ್ಪನೆ ಇಲ್ಲದಿರಬಹುದು. ಬುಡವನ್ನು ತಬ್ಬಿಸಿ, ಬಿದ್ದ ಗರಿಯ ಉದ್ದಕ್ಕೂ ನಡೆಸಿ, ಕಾಯಿಯನ್ನು ಕೈಗೆ ಕೊಟ್ಟರೆ ಪಾಠ ಅರ್ಥವಾಗುತ್ತದೆ.

ಓದು ಬರಹಕ್ಕೆ ಬ್ರೈಲ್ ಬೇಕು. ಫ್ರಾನ್ಸಿನ ಲೂಯಿ ಬ್ರೈಲ್ ಮೂರು ವರ್ಷದವನಿದ್ದಾಗ ತಂದೆಯ ಚರ್ಮದ ಕೆಲಸದ ಉಪಕರಣದಿಂದ ಪೆಟ್ಟಾಗಿ ದೃಷ್ಟಿ ಕಳೆದುಕೊಂಡ. 1824ರಲ್ಲಿ, ಹದಿನೈದನೆಯ ವಯಸ್ಸಿನಲ್ಲಿ, ಆರು ಉಬ್ಬು ಚುಕ್ಕೆಗಳ ಲಿಪಿಯನ್ನು ರೂಪಿಸಿದ. ಆರು ಚುಕ್ಕೆಗಳಿಂದ 63 ಗುರುತುಗಳು ಸಾಧ್ಯ. ಭಾರತದ ಭಾಷೆಗಳಿಗೆಲ್ಲ ಹೊಂದುವ 'ಭಾರತಿ ಬ್ರೈಲ್' 1951ರಲ್ಲಿ ರೂಢಿಗೆ ಬಂತು. ಕನ್ನಡದ 'ಕ' ಮತ್ತು ಇಂಗ್ಲಿಷಿನ 'ಕೆ' ಎರಡಕ್ಕೂ ಅದರಲ್ಲಿ ಒಂದೇ ಗುರುತು. ಗುಣಿತಾಕ್ಷರ ಬರೆಯುವಾಗ ವ್ಯಂಜನದ ಮುಂದೆ ಸ್ವರವನ್ನು ಸಾಲಾಗಿ ಬರೆಯುತ್ತಾರೆ. ಒತ್ತಕ್ಷರ ಕೆಳಗೆ ಇಳಿಯುವುದಿಲ್ಲ. ಮೊದಲು ಒಂದು ಚುಕ್ಕೆಯ ಗುರುತು ಹಾಕಿ ಎರಡೂ ವ್ಯಂಜನಗಳನ್ನು ಪಕ್ಕಪಕ್ಕದಲ್ಲಿ ಬರೆಯುತ್ತಾರೆ. ಒಂದು ಲಿಪಿ ಕಲಿತ ಮಗುವಿಗೆ ಕನ್ನಡ, ಹಿಂದಿ, ಇಂಗ್ಲಿಷ್ ಮೂರೂ ತೆರೆಯುತ್ತವೆ.

ಈಗ 60 ಪದಗಳ ಪ್ರಶ್ನೆಗೆ ಬರೋಣ. ಕಣ್ಣು ಒಂದು ನೋಟಕ್ಕೆ ಹಲವು ಅಕ್ಷರಗಳನ್ನು ಹಿಡಿಯುತ್ತದೆ. ಬೆರಳ ತುದಿಗೆ ಸಿಗುವುದು ಒಂದು ಬಾರಿಗೆ ಒಂದೇ ಗುರುತು. ಆದ್ದರಿಂದ ನುರಿತ ಬ್ರೈಲ್ ಓದುಗರೂ ಕಣ್ಣಿನಿಂದ ಓದುವವರಿಗಿಂತ ನಿಧಾನ. ಇದು ಬುದ್ಧಿಯ ನಿಧಾನವಲ್ಲ, ಚರ್ಮದ ಸ್ಪರ್ಶಜ್ಞಾನದ ಮಿತಿ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಕೊಡುವುದು ರಿಯಾಯಿತಿ ಅಲ್ಲ, ನ್ಯಾಯ. ವೇಗ ಕಡಿಮೆಯಿದ್ದರೂ ಅರ್ಥ ಕಡಿಮೆಯಾಗಬೇಕಿಲ್ಲ.

ಮೊಬೈಲು, ಕಂಪ್ಯೂಟರು ಪಾಠವನ್ನು ಓದಿ ಹೇಳುವಾಗ ಬ್ರೈಲ್ ಏಕೆ ಎಂದು ಈಗ ಕೇಳುವವರಿದ್ದಾರೆ. ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶಗಳು ದೊಡ್ಡ ವರವೇ ಸರಿ, ದೊಡ್ಡ ಮಕ್ಕಳು ಅದನ್ನು ಕಲಿಯಲೇಬೇಕು. ಆದರೆ ಬರಿ ಕೇಳಿ ಬೆಳೆದ ಮಗುವಿಗೆ ಕಾಗುಣಿತ ತಿಳಿಯುವುದಿಲ್ಲ. ಅಲ್ಪಪ್ರಾಣ ಮಹಾಪ್ರಾಣ, ಒತ್ತು, ವಾಕ್ಯದ ನಿಲುಗಡೆ ಯಾವುದೂ ಕೈಗೆ ಹತ್ತುವುದಿಲ್ಲ. ಕಾಣುವ ಮಗುವಿಗೆ ರೇಡಿಯೋ ಕೊಟ್ಟು ಪುಸ್ತಕ ಕಿತ್ತುಕೊಂಡರೆ ನಾವು ಒಪ್ಪುತ್ತೇವೆಯೆ?

ಗಣಿತವೂ ಅಷ್ಟೆ. "ಕಣ್ಣಿಲ್ಲದವನಿಗೆ ರೇಖಾಗಣಿತ ಏಕೆ, ಬಿಡಿ" ಎನ್ನುವ ಮಾತು ಇಂದಿಗೂ ಕೇಳಿಬರುತ್ತದೆ. ಹುಟ್ಟು ಅಂಧರಾಗಿದ್ದ ಅಮೆರಿಕದ ಅಬ್ರಹಾಂ ನೆಮೆತ್ ಅವರಿಗೂ ಗಣಿತ ಬೇಡವೆಂದು ಮನಃಶಾಸ್ತ್ರ ಓದಿಸಿದ್ದರು. ಅವರು ಗಣಿತಕ್ಕೇ ಮರಳಿದರು, ಪ್ರಾಧ್ಯಾಪಕರಾದರು. 1952ರಲ್ಲಿ ಅವರು ಪ್ರಕಟಿಸಿದ ಗಣಿತದ ಬ್ರೈಲ್ ಸಂಕೇತವನ್ನು ಭಾರತದಲ್ಲೂ ಬಳಸುತ್ತಾರೆ. ದೆಹಲಿಯ ಕಾರ್ತಿಕ್ ಸಾಹ್ನಿ ಎಂಬ ಅಂಧ ವಿದ್ಯಾರ್ಥಿ ಹತ್ತನೆಯ ತರಗತಿಯ ನಂತರ ವಿಜ್ಞಾನ ಓದಲು ಸಿಬಿಎಸ್‌ಇ ಮಂಡಳಿಯ ಅನುಮತಿಗಾಗಿ ಹೋರಾಡಬೇಕಾಯಿತು. 2013ರಲ್ಲಿ ಹನ್ನೆರಡನೆಯ ತರಗತಿಯನ್ನು ಉನ್ನತ ಅಂಕಗಳಿಂದ ಮುಗಿಸಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ಸೇರಿದರು.

ಇನ್ನೊಂದು ಮುಖ್ಯ ವಿಷಯ ಮಂದದೃಷ್ಟಿ. ಕನ್ನಡಕ ಹಾಕಿದ ಮೇಲೂ ಉತ್ತಮ ಕಣ್ಣಿನ ದೃಷ್ಟಿ 6/18ರಿಂದ 3/60ರ ನಡುವೆ ಇದ್ದರೆ ಅದು ಮಂದದೃಷ್ಟಿ, ಅಂಧತ್ವವಲ್ಲ. ಇಂತಹ ಎಷ್ಟೋ ಮಕ್ಕಳು ದಪ್ಪ ಅಕ್ಷರ, ಭೂತಗನ್ನಡಿ, ಒಳ್ಳೆಯ ಬೆಳಕು ಮತ್ತು ಮುಂದಿನ ಸಾಲಿನ ಜಾಗ ಸಿಕ್ಕರೆ ಅಚ್ಚಿನ ಪುಸ್ತಕವನ್ನೇ ಓದಬಲ್ಲರು. ಉಳಿದ ದೃಷ್ಟಿಯನ್ನು ಬಳಸಿದರೆ ಕಣ್ಣು ಸವೆಯುತ್ತದೆ ಎಂಬುದು ತಪ್ಪು ನಂಬಿಕೆ. ಬಳಸುವುದರಿಂದ ಹಾನಿಯಿಲ್ಲ.

ಮಟ್ಟ ಒಂದೇ, ದಾರಿ ಬೇರೆ

ಈಗ ಮೊದಲಿನ ಪ್ರಶ್ನೆಗೆ ಉತ್ತರ ಹೇಳಬಹುದು. ಪ್ರತಿ ಕಲಿಕಾ ಫಲದಲ್ಲೂ ಎರಡು ಅಂಶಗಳಿರುತ್ತವೆ: ಏನು ಕಲಿಯಬೇಕು, ಅದನ್ನು ಹೇಗೆ ತೋರಿಸಬೇಕು. ಮೊದಲನೆಯದನ್ನು ಬದಲಿಸಬಾರದು. ಎರಡನೆಯದನ್ನು ಧಾರಾಳವಾಗಿ ಬದಲಿಸಬಹುದು.

ಮೂರನೆಯ ತರಗತಿಯ ಓದಿನ ಗುರಿ ಕಥೆಯೊಂದನ್ನು ಓದಿ ಅರ್ಥ ಮಾಡಿಕೊಳ್ಳುವುದು. ಕೇಳದ ಮಗು ಮೌನವಾಗಿ ಓದಿ, ಕಥೆಯನ್ನು ಸಂಜ್ಞೆಯಲ್ಲಿ ಹೇಳಲಿ, ಪ್ರಶ್ನೆಗೆ ಬರೆದು ಉತ್ತರಿಸಲಿ. ಕಾಣದ ಮಗು ಅದೇ ಕಥೆಯನ್ನು ಬ್ರೈಲಿನಲ್ಲಿ ಓದಲಿ. ಕೋನ ಅಳೆಯಬೇಕೆ? ಉಬ್ಬು ಗುರುತಿನ ಕೋನಮಾಪಕ ಇದೆ. ಕರ್ನಾಟಕದ ನಕ್ಷೆ ಬೇಕೆ? ರಟ್ಟಿನ ಮೇಲೆ ಗೋಂದು ಹಚ್ಚಿ ಗಡಿಗೆ ದಪ್ಪ ದಾರ, ನದಿಗೆ ತೆಳು ದಾರ, ಊರುಗಳಿಗೆ ಕಾಳು ಅಂಟಿಸಿದರೆ ಒಂದು ಗಂಟೆಯ ಕೆಲಸ. ಇತರ ಮಕ್ಕಳೂ ಸಂತೋಷದಿಂದ ಮಾಡಿಕೊಡುತ್ತಾರೆ. ಬೀಜ ಮೊಳೆಯುವ ಪಾಠವನ್ನು ಬೆರಳು ಕಣ್ಣಿಗಿಂತ ಚೆನ್ನಾಗಿ ಕಲಿಯುತ್ತದೆ.

ಕೆಲವು ಫಲಗಳು ಮಾತ್ರ ಇಂದ್ರಿಯಕ್ಕೇ ಅಂಟಿಕೊಂಡಿರುತ್ತವೆ. ಪದ್ಯವನ್ನು ರಾಗವಾಗಿ ಹಾಡುವುದು ಕೇಳದ ಮಗುವಿಗೆ, ಚಿತ್ರದ ಬಣ್ಣ ಗುರುತಿಸುವುದು ಕಾಣದ ಮಗುವಿಗೆ ಸಾಧ್ಯವಿಲ್ಲ. ಅಲ್ಲಿ ಸಮಾನ ತೂಕದ ಬೇರೆ ಕೆಲಸ ಕೊಡಬೇಕು. ಇಂತಹವು ಪಟ್ಟಿಯಲ್ಲಿ ಬೆರಳೆಣಿಕೆಯಷ್ಟು. ಅವುಗಳನ್ನು ನೆಪ ಮಾಡಿಕೊಂಡು ಪಟ್ಟಿಯನ್ನೇ ಕೈಬಿಡಬಾರದು.

ಇದಲ್ಲದೆ ಈ ಮಕ್ಕಳು ಇತರರು ಕಲಿಯದ ಕೆಲವನ್ನು ಹೆಚ್ಚುವರಿಯಾಗಿ ಕಲಿಯಬೇಕು. ಕಾಣದ ಮಗುವಿಗೆ ಬಿಳಿ ಕೋಲು ಹಿಡಿದು ಓಡಾಡುವುದು, ಬಟ್ಟೆ ತೊಡುವುದು, ದುಡ್ಡು ಗುರುತಿಸುವುದು, ತಂತ್ರಾಂಶ ಬಳಸುವುದು. ಕೇಳದ ಮಗುವಿಗೆ ಸಂಜ್ಞೆ, ಸಾಧನದ ನಿರ್ವಹಣೆ, ತನಗೆ ಅರ್ಥವಾಗದಿದ್ದಾಗ ಧೈರ್ಯವಾಗಿ "ಇನ್ನೊಮ್ಮೆ" ಎಂದು ಕೇಳುವುದು. ಅಂದರೆ ಇವರ ಪಠ್ಯ ಇತರರಿಗಿಂತ ಸ್ವಲ್ಪ ದೊಡ್ಡದು, ಚಿಕ್ಕದಲ್ಲ.

ಮಟ್ಟ ಇಳಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನಾಡಿನಲ್ಲೇ ನಿದರ್ಶನವಿದೆ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಕಾಣದ ಮಕ್ಕಳಿಗೆ ಸಂಗೀತ ಕಲಿಸಿದರು. ಇಬ್ಬರೂ ಸ್ವತಃ ಅಂಧರು. ಸಂಗೀತದಲ್ಲಿ ಶ್ರುತಿ ತಪ್ಪಿದರೆ ತಪ್ಪೇ, ತಾಳ ತಪ್ಪಿದರೆ ತಪ್ಪೇ. ಕಣ್ಣಿಲ್ಲದವರಿಗೆ ಅರ್ಧ ತಾಳ ಎಂಬುದಿಲ್ಲ. ಅಲ್ಲಿಂದ ವಿದ್ವಾಂಸರು ಬಂದರು. ಗಣಿತ, ವಿಜ್ಞಾನಕ್ಕೂ ಅದೇ ಮಾತು ಅನ್ವಯಿಸುತ್ತದೆ.

ದಯೆಯಿಂದ ಕೊಟ್ಟ ಅಂಕ

ಸುಳ್ಳು ಅಂಕದ ಸಮಸ್ಯೆ ನಮ್ಮದು ಮಾತ್ರವಲ್ಲ. ಅಮೆರಿಕದ ಸರ್ಕಾರಿ ಶಾಲೆಗಳಲ್ಲೂ ಇದು ಸುಪ್ರೀಂ ಕೋರ್ಟಿನವರೆಗೆ ಹೋಗಿದೆ. ನ್ಯೂಯಾರ್ಕ್ ರಾಜ್ಯದ ಏಮಿ ರೌಲಿ ಎಂಬ ಕೇಳದ ಬಾಲಕಿಗೆ ತರಗತಿಯಲ್ಲಿ ಸಂಜ್ಞಾ ಭಾಷೆಯ ದುಭಾಷಿ ಬೇಕೆಂದು ತಂದೆತಾಯಿ ಕೇಳಿದರು. ಮಗು ಪಾಸಾಗುತ್ತಿದೆಯಲ್ಲ, ಮಗುವಿನ ಪೂರ್ಣ ಸಾಮರ್ಥ್ಯ ಹೊರತರುವುದು ಶಾಲೆಯ ಕಾನೂನುಬದ್ಧ ಹೊಣೆಯಲ್ಲ ಎಂದು 1982ರಲ್ಲಿ ತೀರ್ಪು ಬಂತು. ಮಗುವಿನ ಪರಿಸ್ಥಿತಿಗೆ ತಕ್ಕಂತೆ ನಿಜವಾದ ಪ್ರಗತಿ ಆಗಬೇಕು, ಗುರಿ ಸವಾಲಿನದಾಗಿರಬೇಕು, ನೆಪಮಾತ್ರದ ಲಾಭ ಸಾಲದು ಎಂದು ಅದೇ ನ್ಯಾಯಾಲಯ ಹೇಳಿದ್ದು 2017ರಲ್ಲಿ, ಬೇರೊಂದು ಮಗುವಿನ ಮೊಕದ್ದಮೆಯಲ್ಲಿ.

2023ರ ಪೆರೆಜ್ ಮೊಕದ್ದಮೆ ಇನ್ನೂ ಮನ ಕಲಕುವಂಥದು. ಮಿಷಿಗನ್ ರಾಜ್ಯದ ಕೇಳದ ಹುಡುಗನೊಬ್ಬ ಒಂಬತ್ತನೆಯ ವಯಸ್ಸಿನಿಂದ ಇಪ್ಪತ್ತರವರೆಗೆ ಸಾಮಾನ್ಯ ಶಾಲೆಯಲ್ಲಿದ್ದ. ಶಾಲೆ ಕೊಟ್ಟ ಸಹಾಯಕರಿಗೆ ಸಂಜ್ಞಾ ಭಾಷೆಯೇ ಬರುತ್ತಿರಲಿಲ್ಲ, ಅಂಕಗಳನ್ನು ಮಾತ್ರ ಏರಿಸಿ ಕೊಡುತ್ತಿದ್ದರು ಎಂಬುದು ಕುಟುಂಬದ ದೂರು. ಮಗ ಚೆನ್ನಾಗಿ ಓದುತ್ತಿದ್ದಾನೆ ಎಂದೇ ತಂದೆತಾಯಿ ನಂಬಿದ್ದರು. ಪದವಿ ಸಮಾರಂಭಕ್ಕೆ ಕೆಲವೇ ತಿಂಗಳಿದ್ದಾಗ ಅವನಿಗೆ ಡಿಪ್ಲೊಮಾ ಸಿಗುವುದಿಲ್ಲ ಎಂದು ಶಾಲೆ ತಿಳಿಸಿತು. ಅವನು ಪರಿಹಾರ ಕೇಳಿ ದಾವೆ ಹೂಡಬಹುದು ಎಂದು ನ್ಯಾಯಾಲಯ ಸರ್ವಾನುಮತದಿಂದ ಹೇಳಿತು. ಆದರೆ ಹೋದ ವರ್ಷಗಳನ್ನು ಯಾವ ನ್ಯಾಯಾಲಯ ಹಿಂದಿರುಗಿಸೀತು?

ನಮ್ಮ ಕಾನೂನು ಏನು ಹೇಳುತ್ತದೆ?

ನಮ್ಮಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಪೋಷಕರು ತಿಳಿದಿರಬೇಕಾದ ಅಂಶಗಳು ಇವು. ಅಂಧ ಮತ್ತು ಕಿವುಡ ಮಕ್ಕಳಿಗೆ ಅವರಿಗೆ ಅತ್ಯಂತ ಸೂಕ್ತವಾದ ಭಾಷೆ ಮತ್ತು ವಿಧಾನದಲ್ಲಿ ಶಿಕ್ಷಣ ಕೊಡಬೇಕು ಎಂದು 16ನೆಯ ಸೆಕ್ಷನ್ ಹೇಳುತ್ತದೆ. ಪ್ರತಿಯೊಂದು ಮಗು ತಲುಪಿದ ಕಲಿಕೆಯ ಮಟ್ಟವನ್ನು ಗಮನಿಸುತ್ತಿರಬೇಕು ಎಂದೂ ಅಲ್ಲಿಯೇ ಇದೆ. 17ನೆಯ ಸೆಕ್ಷನ್ ಪ್ರಕಾರ ಬ್ರೈಲ್ ಮತ್ತು ಸಂಜ್ಞಾ ಭಾಷೆ ಬಲ್ಲ ಶಿಕ್ಷಕರನ್ನು ನೇಮಿಸಬೇಕು, ಹದಿನೆಂಟು ವರ್ಷದವರೆಗೆ ಪುಸ್ತಕ ಮತ್ತು ಸಾಧನಗಳನ್ನು ಉಚಿತವಾಗಿ ಕೊಡಬೇಕು, ಪರೀಕ್ಷೆಯಲ್ಲಿ ಹೆಚ್ಚು ಸಮಯ, ಬರೆದುಕೊಡುವವರ ನೆರವು ಇರಬೇಕು. ಶೇಕಡಾ 40 ಅಥವಾ ಹೆಚ್ಚಿನ ದೋಷವಿರುವ 6ರಿಂದ 18 ವರ್ಷದ ಮಗುವಿಗೆ ಹತ್ತಿರದ ಶಾಲೆಯಲ್ಲಾಗಲಿ, ಬೇಕೆಂದರೆ ವಿಶೇಷ ಶಾಲೆಯಲ್ಲಾಗಲಿ ಉಚಿತ ಶಿಕ್ಷಣದ ಹಕ್ಕು 31ನೆಯ ಸೆಕ್ಷನ್‌ನಲ್ಲಿದೆ.

ಎರಡನೆಯ, ಮೂರನೆಯ ಭಾಷೆಯಿಂದ ವಿನಾಯಿತಿಗೂ ಕಾಯ್ದೆಯಲ್ಲಿ ಅವಕಾಶವಿದೆ. ಕೇಳದ ಮಗುವಿಗೆ ಮೂರು ಭಾಷೆಗಳ ಹೊರೆ ಇಳಿಸಿ ಒಂದನ್ನು ಗಟ್ಟಿ ಮಾಡುವುದು ಒಳ್ಳೆಯದು. ಆದರೆ ಹೊರೆ ಇಳಿಸಿ ಆ ಒಂದನ್ನೂ ಕಲಿಸದಿದ್ದರೆ ವಿನಾಯಿತಿ ವಂಚನೆಯಾಗುತ್ತದೆ. ಕಾಣದ ಮಗುವಿಗೆ ಸಾಮಾನ್ಯವಾಗಿ ಭಾಷೆಗಳ ವಿನಾಯಿತಿಯ ಅಗತ್ಯವಿಲ್ಲ.

ವಿಶೇಷ ಶಾಲೆಯೋ, ಊರಿನ ಶಾಲೆಯೋ? ಇದಕ್ಕೆ ಎಲ್ಲರಿಗೂ ಒಂದೇ ಉತ್ತರವಿಲ್ಲ. ಊರಿನ ಶಾಲೆಯಲ್ಲಿ ಮಗು ಮನೆಯವರ ಜೊತೆಗಿರುತ್ತದೆ. ವಿಶೇಷ ಶಾಲೆಯಲ್ಲಿ ಕೇಳದ ಮಗುವಿಗೆ ತನ್ನ ಭಾಷೆಯಾಡುವ ಗೆಳೆಯರು ಸಿಗುತ್ತಾರೆ, ಅದು ಸಣ್ಣ ವಿಷಯವಲ್ಲ. ಕಟ್ಟಡಕ್ಕಿಂತ ಮುಖ್ಯವಾದದ್ದು ಅಲ್ಲಿ ಮಗುವಿಗೆ ಅರ್ಥವಾಗುವ ರೀತಿಯಲ್ಲಿ ಪಾಠ ಹೇಳುವವರು ಇದ್ದಾರೆಯೇ ಎಂಬುದು.

ತಂದೆತಾಯಿ ಏನು ಮಾಡಬೇಕು?

1. ಅಂಕಪಟ್ಟಿಯನ್ನು ನಂಬಿ ಕೂರಬೇಡಿ, ಮನೆಯಲ್ಲೇ ಪರೀಕ್ಷಿಸಿ. ನೋಟ್ ಪುಸ್ತಕದಲ್ಲಿ ಇಲ್ಲದ ಹೊಸ ಪ್ರಶ್ನೆ ಬರೆದು ಕೊಡಿ. 'ತಟ್ಟೆಯನ್ನು ಮೇಜಿನ ಕೆಳಗೆ ಇಡು' ಎಂದು ಬರೆದು ತೋರಿಸಿ, ಮಗು ಇಡುತ್ತದೆಯೇ ನೋಡಿ. ಕಾಣದ ಮಗುವಿಗೆ ಬಾಯಿಪಾಠ ಮಾಡಿರದ ಒಂದು ಬ್ರೈಲ್ ಪುಟ ಕೊಟ್ಟು ಓದಿಸಿ.

2. ಶಿಕ್ಷಕರನ್ನು ಹೀಗೆ ಕೇಳಿ: ಈ ವರ್ಷ ನನ್ನ ಮಗು ಏನು ಕಲಿಯಬೇಕು? ಅದನ್ನು ಯಾವ ರೀತಿ ಕಲಿಸುತ್ತೀರಿ? ಕಲಿತದ್ದು ಹೇಗೆ ತಿಳಿಯುತ್ತದೆ? ಮಗುವಿಗಾಗಿ ಪ್ರತ್ಯೇಕ ಕಲಿಕಾ ಯೋಜನೆ ಬರೆದಿದ್ದರೆ ಅದರ ಪ್ರತಿ ಪಡೆಯಿರಿ.

3. ತಾಲ್ಲೂಕಿನ ಕ್ಷೇತ್ರ ಸಂಪನ್ಮೂಲ ಕೇಂದ್ರಕ್ಕೆ ಹೋಗಿ ಅಲ್ಲಿನ ವಿಶೇಷ ಸಂಪನ್ಮೂಲ ಶಿಕ್ಷಕರನ್ನು ಭೇಟಿ ಮಾಡಿ. ಅವರು ತಿಂಗಳಿಗೆ ಎಷ್ಟು ಬಾರಿ ಶಾಲೆಗೆ ಬರುತ್ತಾರೆ ಎಂದು ತಿಳಿದುಕೊಳ್ಳಿ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲೂ ವಿಷಯ ಎತ್ತಿ.

4. ಕೇಳದ ಮಗುವಿಗೆ ವರ್ಷಕ್ಕೊಮ್ಮೆ ಕಣ್ಣಿನ ಪರೀಕ್ಷೆ ಮಾಡಿಸಿ. ಅದರ ಕಣ್ಣೇ ಅದರ ಕಿವಿ. ಸಂಜೆಯ ಮೇಲೆ ಎಡವುತ್ತಿದ್ದರೆ ತಡಮಾಡಬೇಡಿ. ಹುಟ್ಟು ಕಿವುಡಿನೊಂದಿಗೆ ಕಣ್ಣಿನ ಅಕ್ಷಿಪಟಲವೂ ಕ್ರಮೇಣ ಕೆಡುವ ಅನುವಂಶಿಕ ಕಾಯಿಲೆಯೊಂದಿದೆ. ರಕ್ತಸಂಬಂಧದ ಮದುವೆಗಳಲ್ಲಿ ಇಂತಹ ಕಾಯಿಲೆಗಳ ಸಂಭವ ಹೆಚ್ಚು. ಅದೇ ರೀತಿ ಕಾಣದ ಮಗುವಿನ ಕಿವಿ ಸೋರುತ್ತಿದ್ದರೆ ಕೂಡಲೇ ಚಿಕಿತ್ಸೆ ಕೊಡಿಸಿ.

5. ಅವಧಿಗೆ ಮುನ್ನ ಹುಟ್ಟಿದ ಅಥವಾ ಎರಡು ಕಿಲೋಗಿಂತ ಕಡಿಮೆ ತೂಕದ ಕೂಸಿನ ಅಕ್ಷಿಪಟಲವನ್ನು ಒಂದು ತಿಂಗಳೊಳಗೆ ಕಣ್ಣಿನ ವೈದ್ಯರಿಂದ ಪರೀಕ್ಷೆ ಮಾಡಿಸಿ. ಸಕಾಲದ ಚಿಕಿತ್ಸೆಯಿಂದ ಅಂಧತ್ವವನ್ನು ತಡೆಯಬಹುದು.

6. ಮನೆಯವರೆಲ್ಲ ಸಂಜ್ಞೆ ಕಲಿಯಿರಿ. ಕೇಳದ ಮಕ್ಕಳಲ್ಲಿ ಹತ್ತಕ್ಕೆ ಒಂಬತ್ತಕ್ಕೂ ಹೆಚ್ಚು ಮಂದಿ ಕೇಳುವ ತಂದೆತಾಯಿಗೇ ಹುಟ್ಟುತ್ತಾರೆ. ಊಟದ ಹೊತ್ತಿನ ಮಾತುಕತೆಯಲ್ಲಿ ಆ ಮಗು ಒಂಟಿಯಾಗಬಾರದು.

ಆರಂಭದಲ್ಲಿ ಹೇಳಿದ ಹುಡುಗಿಯ ತಾಯಿ ಆ ದಿನ ಚೀಟಿಯನ್ನು ಬಹಳ ಹೊತ್ತು ನೋಡಿ, "ಹಾಗಾದರೆ ಈ ಎ ಗ್ರೇಡ್ ಎಲ್ಲ?" ಎಂದು ಕೇಳಿದ್ದರು. ನನ್ನಲ್ಲಿ ಉತ್ತರವಿರಲಿಲ್ಲ. ಶ್ರವಣ ಪರೀಕ್ಷೆ ಮಾಡಿಸಿ, ಸಂಜ್ಞೆ ಕಲಿಸುವ ಶಾಲೆಯ ವಿಳಾಸ ಕೊಟ್ಟು ಕಳಿಸಿದೆ. ಎರಡು ವರ್ಷದ ನಂತರ ಮತ್ತೆ ಬಂದರು. ನಾನು ಅದೇ ಪ್ರಶ್ನೆ ಬರೆದುಕೊಟ್ಟೆ. ಹುಡುಗಿ ಸ್ವಲ್ಪ ಯೋಚಿಸಿ ತನ್ನ ಹೆಸರು ಬರೆದಳು, ಅದರ ಪಕ್ಕದಲ್ಲಿ ಊರಿನ ಹೆಸರನ್ನೂ ಸೇರಿಸಿದಳು. ಒಂದು ಒತ್ತು ಬಿಟ್ಟುಹೋಗಿತ್ತು. ಅಕ್ಷರ ಮೊದಲಿನಷ್ಟು ದುಂಡಗೂ ಇರಲಿಲ್ಲ. ವಯಸ್ಸಿಗೆ ತಕ್ಕ ಮಟ್ಟಕ್ಕೆ ಅವಳು ಇನ್ನೂ ಬಹಳ ದೂರ ಹೋಗಬೇಕಿತ್ತು. ಹೊಸ ಶಾಲೆಯಲ್ಲಿ ಅವಳಿಗೆ ಬಂದದ್ದು ಸಿ ಗ್ರೇಡ್. ತಾಯಿ ಅದನ್ನು ಮೊದಲಿನ ನೋಟ್ ಪುಸ್ತಕಕ್ಕಿಂತ ಹೆಚ್ಚು ಜೋಪಾನವಾಗಿ ಚೀಲದಲ್ಲಿಟ್ಟುಕೊಂಡರು.